ಫೀಡ್ ರೀಡರ್ ಆರಿಸಿಕೊಳ್ಳುವುದು ಹೇಗೆ: ಒಂದೇ ಪಟ್ಟಿ ಹಿಡಿದು ಮೂರು ರೀಡರ್ ಪರೀಕ್ಷಿಸಿ

ಒಳ್ಳೆಯ ಬ್ಲಾಗುಗಳಲ್ಲಿ ದಿನಾ ಬರಹ ಬರುವುದು ಅಪರೂಪ. ಎರಡು ತಿಂಗಳಿಗೊಂದು, ಕೆಲವು ಸಲ ಆರು ತಿಂಗಳಿಗೊಂದು ಬರುತ್ತದೆ. ಅದು ಬಂದ ದಿನವೇ ನಾವು ಆ ಕಡೆ ಹೋಗಿರುತ್ತೇವೆ ಅನ್ನುವಂತಿಲ್ಲ. ಬರೆದವರು ಫೇಸ್‌ಬುಕ್ಕಿನಲ್ಲೋ ಎಕ್ಸ್‌ನಲ್ಲೋ ಲಿಂಕ್ ಹಾಕಿದರೂ ಅದು ನಮ್ಮ ಕಣ್ಣಿಗೆ ಬೀಳಬೇಕಾದರೆ ಅಲ್ಲಿನ ಅಲ್ಗಾರಿದಮ್ ಮನಸ್ಸು ಮಾಡಬೇಕು. ಹೀಗೆ ಎಷ್ಟೋ ಚೆಂದದ ಬರಹ ಓದದೇ ಉಳಿದುಬಿಡುತ್ತದೆ, ಅಲ್ವಾ?

ಫೀಡ್ ರೀಡರ್ ಇರುವುದು ಇದಕ್ಕೇ. ನೀವು ಹೇಳಿದ ಸೈಟುಗಳಿಗೆ ಅದು ಆಗಾಗ ಹೋಗಿ ನೋಡುತ್ತದೆ. ಹೊಸದು ಬಂದಿದ್ದರೆ ತಂದು ಒಂದೇ ಕಡೆ ಜೋಡಿಸಿಡುತ್ತದೆ, ಬಂದ ಹೊತ್ತಿನ ಪ್ರಕಾರ. ಇದಕ್ಕಾಗಿ ಸೈಟುಗಳು ತಮ್ಮ ಹೊಸ ಬರಹಗಳಿರುವ ಒಂದು ಫೈಲ್ ಇಟ್ಟಿರುತ್ತವೆ, ಅದೇ ಫೀಡ್. ಅದನ್ನು ಬರೆಯುವ ಒಂದು ಬಗೆಯ ಹೆಸರು ಆರ್‌ಎಸ್‌ಎಸ್. ತಂತ್ರ ಹಳೆಯದು. ಆರ್‌ಎಸ್‌ಎಸ್‌ನ ಮೊದಲ ರೂಪವನ್ನು ನೆಟ್‌ಸ್ಕೇಪ್ ಕಂಪನಿ ಬಿಟ್ಟದ್ದು 1999ರಲ್ಲಿ. ಈಗ ಹೆಚ್ಚು ಬಳಕೆಯಲ್ಲಿರುವ ಆರ್‌ಎಸ್‌ಎಸ್ 2.0 ಬಂದದ್ದು 2002ರಲ್ಲಿ. ಆಟಮ್ ಎಂಬ ಇನ್ನೊಂದು ಬಗೆ 2005ರಲ್ಲಿ ಸೇರಿಕೊಂಡಿತು. ಯಾವ ಸೈಟು ಯಾವುದನ್ನು ಬಳಸುತ್ತದೆ ಎಂದು ನೀವು ತಲೆ ಕೆಡಿಸಿಕೊಳ್ಳಬೇಕಿಲ್ಲ, ಎಲ್ಲ ರೀಡರ್‌ಗಳಿಗೂ ಎರಡೂ ಗೊತ್ತು. ಪಾಡ್‌ಕಾಸ್ಟ್‌ಗಳು ಇವತ್ತಿಗೂ ಆರ್‌ಎಸ್‌ಎಸ್ ಮೇಲೇ ನಡೆಯುತ್ತಿವೆ.

ಯಾವ ರೀಡರ್ ಚೆನ್ನಾಗಿದೆ ಎಂದು ಕೇಳುತ್ತಾ ಕೂರುವುದಕ್ಕಿಂತ ಎರಡು ಮೂರನ್ನು ಬಳಸಿ ನೋಡುವುದು ಸುಲಭ. ಒಂದನ್ನು ಬಿಟ್ಟು ಇನ್ನೊಂದಕ್ಕೆ ಹೋಗುವುದು ಇಲ್ಲಿ ಕಷ್ಟವೇ ಅಲ್ಲ. ಬಹಳ ಜನ ಬಳಸುತ್ತಿದ್ದ ಗೂಗಲ್ ರೀಡರ್ 2005ರಲ್ಲಿ ಶುರುವಾಗಿ 2013ರ ಜುಲೈ 1ರಂದು ಮುಚ್ಚಿತು. ತಮ್ಮ ಫೀಡ್ ಪಟ್ಟಿಯನ್ನು ಇಳಿಸಿಕೊಂಡಿದ್ದವರು ಅದನ್ನೇ ಫೀಡ್ಲಿಗೋ ಇನ್ಯಾವುದಕ್ಕೋ ಹಾಕಿ ಓದು ಮುಂದುವರಿಸಿದರು. ಪಟ್ಟಿ ಕೈಯಲ್ಲಿದ್ದರೆ ರೀಡರ್ ಯಾವುದಾದರೂ ನಡೆಯುತ್ತದೆ. ಈ ಲೇಖನದ ಹಂತಗಳೆಲ್ಲ ಆ ಪಟ್ಟಿಯ ಸುತ್ತಲೇ ಇವೆ.

ಹಂತ 1: ಪರೀಕ್ಷೆಗೆ ಬೇಕಾದ ಪಟ್ಟಿ ಮಾಡಿ

ಮೊದಲು ರೀಡರ್ ಇಳಿಸಿಕೊಳ್ಳಬೇಡಿ. ಒಂದು ಹಾಳೆಯಲ್ಲೋ ಫೋನಿನ ನೋಟ್ಸ್‌ನಲ್ಲೋ ಹದಿನೈದು ಸೈಟುಗಳ ಹೆಸರು ಬರೆಯಿರಿ. ಇದಕ್ಕಿಂತ ಜಾಸ್ತಿ ಬೇಡ. ಸುಮ್ನೆ ಇನ್ನೂರು ಸೈಟು ತುಂಬಿದರೆ ನೀವು ಪರೀಕ್ಷಿಸುವುದು ನಿಮ್ಮ ತಾಳ್ಮೆಯನ್ನೇ ಹೊರತು ರೀಡರನ್ನಲ್ಲ.

ಪಟ್ಟಿಯಲ್ಲಿ ಬೇರೆಬೇರೆ ಸ್ವಭಾವದವು ಇರಲಿ. ಅಪರೂಪಕ್ಕೆ ಬರೆಯುವ ವೈಯಕ್ತಿಕ ಬ್ಲಾಗುಗಳು ಏಳೆಂಟು. ದಿನಕ್ಕೆ ಐವತ್ತು ಸುದ್ದಿ ಹಾಕುವ ದೊಡ್ಡ ಸೈಟು ಒಂದು. ಫೋಟೋ ಅಥವಾ ಚಿತ್ರಗಳೇ ಮುಖ್ಯವಾಗಿರುವುದು ಒಂದು. ಒಂದು ಯೂಟ್ಯೂಬ್ ಚಾನೆಲ್. ಕನ್ನಡದಲ್ಲಿ ಉದ್ದುದ್ದ ಬರೆಯುವ ಬ್ಲಾಗು ಒಂದಾದರೂ ಇರಲೇಬೇಕು, ಯಾಕೆಂದು ಮುಂದೆ ಹೇಳುತ್ತೇನೆ. ಇಂಥ ಬೆರಕೆ ಪಟ್ಟಿ ಇದ್ದರೆ ರೀಡರ್ ಎಲ್ಲಿ ಎಡವುತ್ತದೆ ಎಂದು ಬೇಗ ಗೊತ್ತಾಗುತ್ತದೆ.

ಹಂತ 2: ಫೀಡ್ ವಿಳಾಸ ಹುಡುಕಿ

ಹೆಚ್ಚಿನ ಸಲ ಹುಡುಕುವ ಕೆಲಸವೇ ಇರುವುದಿಲ್ಲ. ರೀಡರ್‌ನಲ್ಲಿ ‘ಸೇರಿಸಿ’ ಅಥವಾ ಕೂಡು ಗುರುತಿನ ಬಟನ್ ಒತ್ತಿ, ಬ್ಲಾಗಿನ ಮುಖಪುಟದ ವಿಳಾಸ ಅಂಟಿಸಿದರೆ ಸಾಕು. ಪುಟದ ಕೋಡಿನಲ್ಲಿ ಫೀಡ್ ಎಲ್ಲಿದೆ ಎಂದು ಹೇಳುವ ಒಂದು ಸಾಲು ಇರುತ್ತದೆ. ನಮಗೆ ಅದು ಕಾಣುವುದಿಲ್ಲ, ರೀಡರ್ ಅದನ್ನು ಓದಿಕೊಳ್ಳುತ್ತದೆ.

ಕೆಲವು ಸಲ ‘ಫೀಡ್ ಸಿಗಲಿಲ್ಲ’ ಅನ್ನುತ್ತದೆ. ಆಗ ಕೈಯಾರೆ ಪ್ರಯತ್ನಿಸಬೇಕು. ಬಹಳಷ್ಟು ಬ್ಲಾಗುಗಳು ಕೆಲವೇ ತಂತ್ರಾಂಶಗಳ ಮೇಲೆ ನಿಂತಿರುವುದರಿಂದ ವಿಳಾಸವನ್ನು ಊಹಿಸಬಹುದು. ಕೆಳಗೆ ಹೇಳುವ ಪದಗಳನ್ನೆಲ್ಲ ಇಂಗ್ಲಿಷ್ ಸಣ್ಣ ಅಕ್ಷರದಲ್ಲಿ ಟೈಪ್ ಮಾಡಬೇಕು, ಅಷ್ಟೇ.

ವರ್ಡ್‌ಪ್ರೆಸ್ ಬ್ಲಾಗಾದರೆ ಮುಖಪುಟದ ವಿಳಾಸದ ಕೊನೆಗೆ ಒಂದು ಸ್ಲ್ಯಾಶ್ ಹಾಕಿ ‘ಫೀಡ್’ ಎಂದು ಸೇರಿಸಿ. ಸಬ್‌ಸ್ಟ್ಯಾಕ್‌ಗೂ ಇದೇ. ಬ್ಲಾಗರ್ ಅಂದರೆ ಬ್ಲಾಗ್‌ಸ್ಪಾಟ್ ಆದರೆ ಸ್ಲ್ಯಾಶ್ ‘ಫೀಡ್ಸ್’, ಸ್ಲ್ಯಾಶ್ ‘ಪೋಸ್ಟ್ಸ್’, ಸ್ಲ್ಯಾಶ್ ‘ಡಿಫಾಲ್ಟ್’. ಮೀಡಿಯಂನಲ್ಲಿ ‘ಫೀಡ್’ ಅನ್ನುವುದು ಬರಹಗಾರರ ಹೆಸರಿಗಿಂತ ಮೊದಲು, ಎರಡು ಸ್ಲ್ಯಾಶ್‌ಗಳ ನಡುವೆ ಬರಬೇಕು. ಮಾಸ್ಟೊಡಾನ್ ಖಾತೆಯ ಪುಟದ ವಿಳಾಸಕ್ಕೆ ಒಂದು ಚುಕ್ಕೆ ಮತ್ತು ಆರ್‌ಎಸ್‌ಎಸ್ ಎಂಬ ಮೂರಕ್ಷರ ಸೇರಿಸಿದರೆ ಆಯಿತು. ಯೂಟ್ಯೂಬ್ ಚಾನೆಲ್‌ಗಳಿಗೂ ಫೀಡ್ ಇದೆ. ಚಾನೆಲ್ ಪುಟದ ವಿಳಾಸ ಅಂಟಿಸಿದರೆ ಎಷ್ಟೋ ರೀಡರ್‌ಗಳು ತಾವೇ ಹುಡುಕಿಕೊಳ್ಳುತ್ತವೆ.

ಇದ್ಯಾವುದೂ ಆಗಲಿಲ್ಲವೇ? ಕಂಪ್ಯೂಟರಿನಲ್ಲಿ ಆ ಪುಟ ತೆರೆದು ಕಂಟ್ರೋಲ್ ಮತ್ತು ‘ಯು’ ಒತ್ತಿ. ಪುಟದ ಕೋಡ್ ತೆರೆದುಕೊಳ್ಳುತ್ತದೆ. ಅದರಲ್ಲಿ ಕಂಟ್ರೋಲ್ ಮತ್ತು ‘ಎಫ್’ ಒತ್ತಿ ಆರ್‌ಎಸ್‌ಎಸ್ ಎಂದೂ, ಸಿಗದಿದ್ದರೆ ಆಟಮ್ ಎಂದೂ ಹುಡುಕಿ. ಸಿಕ್ಕ ಸಾಲಿನಲ್ಲಿರುವ ವಿಳಾಸವೇ ಫೀಡ್.

ಇಲ್ಲಿ ಎರಡು ವಿಷಯ ಗಮನಿಸಿ. ಫೀಡ್ ವಿಳಾಸವನ್ನು ಬ್ರೌಸರಿನಲ್ಲೇ ತೆರೆದರೆ ಬರೀ ಕೋಡ್ ಕಾಣಿಸುತ್ತದೆ, ಇಲ್ಲವೇ ಫೈಲ್ ಇಳಿಯುತ್ತದೆ. ಏನೋ ಕೆಟ್ಟಿದೆ ಎಂದು ಗಾಬರಿ ಬೇಡ, ಅದು ಇರುವುದೇ ಹಾಗೆ. ಫೈರ್‌ಫಾಕ್ಸ್‌ನಲ್ಲಿ ಮುಂಚೆ ಫೀಡ್ ತೋರಿಸುವ ಸೌಲಭ್ಯ ಇತ್ತು, 2018ರ ಕೊನೆಯಲ್ಲಿ ತೆಗೆದರು. ಇನ್ನೊಂದು, ವರ್ಡ್‌ಪ್ರೆಸ್ ಸೈಟುಗಳಲ್ಲಿ ಬರಹಗಳಿಗೊಂದು, ಕಾಮೆಂಟುಗಳಿಗೊಂದು ಎಂದು ಎರಡು ಫೀಡ್ ಇರುತ್ತವೆ. ರೀಡರ್ ಎರಡನ್ನೂ ಮುಂದಿಟ್ಟು ಕೇಳಿದರೆ ಹೆಸರಿನಲ್ಲಿ ‘ಕಾಮೆಂಟ್ಸ್’ ಎಂದಿರುವುದನ್ನು ಬಿಡಿ.

ದೊಡ್ಡ ಸುದ್ದಿ ಸೈಟುಗಳಲ್ಲಿ ವಿಭಾಗಕ್ಕೊಂದು ಫೀಡ್ ಇರುವುದುಂಟು. ನಿಮಗೆ ಬೇಕಿರುವುದು ವಿಜ್ಞಾನದ ಸುದ್ದಿ ಮಾತ್ರ ಎಂದಾದರೆ ಇಡೀ ಸೈಟಿನ ಫೀಡ್ ಯಾಕೆ? ವಿಭಾಗದ ಪುಟದ ವಿಳಾಸವನ್ನೇ ರೀಡರ್‌ಗೆ ಕೊಟ್ಟು ನೋಡಿ. ಇಮೇಲಿನಲ್ಲಿ ಮಾತ್ರ ಬರುವ ಸುದ್ದಿಪತ್ರಗಳಿದ್ದರೆ ‘ಕಿಲ್ ದ ನ್ಯೂಸ್‌ಲೆಟರ್’ ಎಂಬ ಉಚಿತ ಸೇವೆ ನಿಮಗೊಂದು ಇಮೇಲ್ ವಿಳಾಸವನ್ನೂ ಅದಕ್ಕೆ ಹೊಂದುವ ಫೀಡನ್ನೂ ಕೊಡುತ್ತದೆ. ಆ ವಿಳಾಸದಿಂದ ಚಂದಾದಾರರಾದರೆ ಸುದ್ದಿಪತ್ರ ರೀಡರ್‌ಗೇ ಬರುತ್ತದೆ.

ಹಂತ 3: ಬೇರೆಬೇರೆ ಬಗೆಯ ರೀಡರ್ ಆರಿಸಿ

ಒಂದೇ ಬಗೆಯ ಮೂರು ರೀಡರ್ ಪರೀಕ್ಷಿಸಿದರೆ ಹೆಚ್ಚೇನೂ ಗೊತ್ತಾಗುವುದಿಲ್ಲ. ಬಗೆಗಳನ್ನು ತಿಳಿದುಕೊಂಡು ಒಂದೊಂದರಿಂದ ಒಂದು ಆರಿಸಿ.

ಮೊದಲನೆಯದು ಖಾತೆ ತೆರೆದು ಬಳಸುವ ಜಾಲಸೇವೆ. ಫೀಡ್ಲಿ, ಇನೋರೀಡರ್, ನ್ಯೂಸ್‌ಬ್ಲರ್, ದ ಓಲ್ಡ್ ರೀಡರ್ ಈ ಗುಂಪಿನವು. ಸೈಟುಗಳಿಗೆ ಹೋಗಿ ನೋಡುವ ಕೆಲಸ ಅವರ ಸರ್ವರ್ ಮಾಡುತ್ತದೆ. ಫೋನಿನಲ್ಲಿ ಓದಿದ್ದು ಕಂಪ್ಯೂಟರಿನಲ್ಲೂ ಓದಿದ್ದಾಗಿಯೇ ಕಾಣುತ್ತದೆ. ಉಚಿತ ಖಾತೆಗೆ ಮಿತಿ ಇದೆ: ಫೀಡ್ಲಿಯಲ್ಲಿ 100 ಸೈಟು, ನ್ಯೂಸ್‌ಬ್ಲರ್‌ನಲ್ಲಿ 64. ಈ ಮಿತಿಗಳು ಆಗಾಗ ಬದಲಾಗುತ್ತವೆ, ಸೇರುವ ಮುನ್ನ ಒಮ್ಮೆ ನೋಡಿಕೊಳ್ಳಿ. ಶುರು ಮಾಡುವವರಿಗೆ ಈ ಮಿತಿ ಧಾರಾಳವಾಯಿತು.

ಎರಡನೆಯದು ನಿಮ್ಮ ಸಾಧನದಲ್ಲೇ ಇರುವ ಆ್ಯಪ್. ಐಫೋನ್, ಮ್ಯಾಕ್ ಇದ್ದವರಿಗೆ ನೆಟ್‌ನ್ಯೂಸ್‌ವೈರ್ ಇದೆ. 2002ರಿಂದ ಇರುವ ಈ ಆ್ಯಪ್ ಈಗ ಪೂರ್ತಿ ಉಚಿತ, ಮುಕ್ತ ತಂತ್ರಾಂಶ, ಜಾಹೀರಾತಿಲ್ಲ. ಆಂಡ್ರಾಯ್ಡ್‌ಗೆ ಫೀಡರ್ ಎಂಬ ಮುಕ್ತ ತಂತ್ರಾಂಶ ಇದೆ, ಖಾತೆಯೇ ಬೇಕಿಲ್ಲ. ವಿಂಡೋಸ್, ಲಿನಕ್ಸ್‌ನವರು ಫ್ಲೂಯೆಂಟ್ ರೀಡರ್ ನೋಡಬಹುದು. ಇಮೇಲಿಗೆ ಥಂಡರ್‌ಬರ್ಡ್ ಬಳಸುತ್ತಿದ್ದರೆ ಅದರೊಳಗೇ ಫೀಡ್ ಓದುವ ವ್ಯವಸ್ಥೆ ಇದೆ. ಬ್ರೌಸರಿನಲ್ಲೇ ಸಾಕು ಎನ್ನುವವರಿಗೆ ಫೀಡ್‌ಬ್ರೋ ಎಂಬ ಎಕ್ಸ್‌ಟೆನ್ಶನ್ ಇದೆ.

ಈ ಎರಡು ಬಗೆಗಳ ನಡುವಿನ ಒಂದು ವ್ಯತ್ಯಾಸ ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ. ಫೀಡ್ ಎಂಬ ಫೈಲಿನಲ್ಲಿ ಸೈಟಿನ ಎಲ್ಲ ಬರಹಗಳೂ ಇರುವುದಿಲ್ಲ, ಈಚಿನ ಕೆಲವು ಮಾತ್ರ ಇರುತ್ತವೆ. ವರ್ಡ್‌ಪ್ರೆಸ್‌ನಲ್ಲಿ ಯಾರೂ ಬದಲಿಸದಿದ್ದರೆ ಅದು 10 ಬರಹ. ದಿನಕ್ಕೆ ಐವತ್ತು ಸುದ್ದಿ ಹಾಕುವ ಸೈಟಿನ ಫೀಡ್‌ನಲ್ಲೂ ಹತ್ತೇ ಇದ್ದರೆ ಬೆಳಗಿನ ಸುದ್ದಿ ಮಧ್ಯಾಹ್ನದ ಹೊತ್ತಿಗೆ ಫೀಡ್‌ನಿಂದ ಜಾರಿಹೋಗಿರುತ್ತದೆ. ಜಾಲಸೇವೆ ಹಗಲು ರಾತ್ರಿ ನೋಡುತ್ತಲೇ ಇರುವುದರಿಂದ ಅದನ್ನು ಹಿಡಿದಿಟ್ಟುಕೊಂಡಿರುತ್ತದೆ. ನಿಮ್ಮ ಸಾಧನದ ಆ್ಯಪ್ ಅಷ್ಟು ಹೊತ್ತು ಆಫ್ ಆಗಿದ್ದರೆ ಆ ಸುದ್ದಿ ಅದಕ್ಕೆ ಬಂದಿರುವುದೇ ಇಲ್ಲ. ಅಪರೂಪಕ್ಕೆ ಬರೆಯುವ ಬ್ಲಾಗುಗಳಲ್ಲಿ ಈ ತೊಂದರೆ ಇಲ್ಲ. ಅಲ್ಲಿ ಹತ್ತು ಬರಹ ಅಂದರೆ ಒಂದು ವರ್ಷಕ್ಕೂ ಹೆಚ್ಚಿನ ಬರಹ. ಹಾಗಾಗಿ ಬ್ಲಾಗು ಮಾತ್ರ ಓದುವವರಿಗೆ ಸಾಧನದ ಆ್ಯಪ್ ಧಾರಾಳ ಸಾಕು ಎನ್ನುವುದು ನನ್ನ ಅಭಿಪ್ರಾಯ. ಸುದ್ದಿ ಸೈಟುಗಳನ್ನು ಬಿಡದೆ ಹಿಂಬಾಲಿಸುವವರು ಜಾಲಸೇವೆ ಕಡೆ ಹೋಗಿ.

ಗುಟ್ಟಿನ ವಿಚಾರದಲ್ಲೂ ವ್ಯತ್ಯಾಸ ಇದೆ. ನೀವು ಏನೇನು ಓದುತ್ತೀರಿ ಎಂಬುದು ಜಾಲಸೇವೆಯವರಿಗೆ ಗೊತ್ತಿರುತ್ತದೆ. ಸಾಧನದ ಆ್ಯಪ್ ಒಂದೊಂದು ಸೈಟಿಗೂ ನೇರವಾಗಿ ಹೋಗುವುದರಿಂದ ನಡುವೆ ಮತ್ತೊಬ್ಬರಿಲ್ಲ.

ಮೂರನೆಯದು ನಿಮ್ಮದೇ ಸರ್ವರಿನಲ್ಲಿ ನಡೆಸುವ ರೀಡರ್: ಫ್ರೆಶ್‌ಆರ್‌ಎಸ್‌ಎಸ್, ಮಿನಿಫ್ಲಕ್ಸ್. ಸರ್ವರ್ ನೋಡಿಕೊಳ್ಳುವುದು ಗೊತ್ತಿದ್ದವರಿಗೆ ಇವು ಬಹಳ ಚೆನ್ನಾಗಿವೆ. ಗೊತ್ತಿಲ್ಲದವರು ಈಗಲೇ ಇದಕ್ಕೆ ಕೈ ಹಾಕುವುದು ಬೇಡ, ಮೊದಲ ಎರಡು ಬಗೆಗಳಿಂದಲೇ ಮೂರನ್ನು ಆರಿಸಿ.

ಇವುಗಳನ್ನು ಬೆರೆಸಿಯೂ ಬಳಸಬಹುದು. ನೆಟ್‌ನ್ಯೂಸ್‌ವೈರ್‌ನಂಥ ಆ್ಯಪ್‌ಗೆ ನ್ಯೂಸ್‌ಬ್ಲರ್ ಅಥವಾ ಫ್ರೆಶ್‌ಆರ್‌ಎಸ್‌ಎಸ್ ಖಾತೆ ಜೋಡಿಸಿದರೆ ಹುಡುಕಿ ತರುವ ಕೆಲಸ ಸರ್ವರ್ ಮಾಡುತ್ತದೆ, ಓದುವುದು ಆ್ಯಪಿನಲ್ಲಿ.

ಹಂತ 4: ಒಂದಕ್ಕೆ ತುಂಬಿ, ಉಳಿದವಕ್ಕೆ ನಕಲಿಸಿ

ಹದಿನೈದೂ ಫೀಡ್‌ಗಳನ್ನು ಮೊದಲ ರೀಡರ್‌ಗೆ ಒಂದೊಂದಾಗಿ ಸೇರಿಸಿ. ಆಮೇಲೆ ಸೆಟ್ಟಿಂಗ್ಸ್‌ಗೆ ಹೋಗಿ ‘ಎಕ್ಸ್‌ಪೋರ್ಟ್’ ಹುಡುಕಿ. ಓಪಿಎಂಎಲ್ ಎಂಬ ಬಗೆಯ ಒಂದು ಸಣ್ಣ ಫೈಲ್ ಇಳಿಯುತ್ತದೆ. ಎರಡನೆಯ, ಮೂರನೆಯ ರೀಡರ್‌ನಲ್ಲಿ ‘ಇಂಪೋರ್ಟ್’ ಒತ್ತಿ ಇದನ್ನೇ ಕೊಡಿ. ಕೆಲವೇ ಸೆಕೆಂಡಿನಲ್ಲಿ ಪೂರ್ತಿ ಪಟ್ಟಿ ಅಲ್ಲಿಗೂ ಬಂದಿರುತ್ತದೆ.

ಆ ಫೈಲನ್ನು ನೋಟ್‌ಪ್ಯಾಡಿನಲ್ಲಿ ಒಮ್ಮೆ ತೆರೆದು ನೋಡಿ. ಸೈಟಿಗೊಂದು ಸಾಲು, ಆ ಸಾಲಿನಲ್ಲಿ ಹೆಸರು ಮತ್ತು ಫೀಡ್ ವಿಳಾಸ. ಫೋಲ್ಡರ್ ಮಾಡಿದ್ದರೆ ಸಾಲುಗಳು ಅದರೊಳಗೆ ಸೇರಿಕೊಂಡಿರುತ್ತವೆ. ಅದರಲ್ಲಿ ಏನಿಲ್ಲ ಎಂಬುದನ್ನೂ ತಿಳಿದಿರಿ: ಯಾವುದು ಓದಿದ್ದೀರಿ, ಯಾವುದಕ್ಕೆ ನಕ್ಷತ್ರ ಹಾಕಿ ಉಳಿಸಿಕೊಂಡಿದ್ದೀರಿ, ಇದ್ಯಾವುದೂ ಓಪಿಎಂಎಲ್‌ನಲ್ಲಿ ಬರುವುದಿಲ್ಲ. ನಕ್ಷತ್ರ ಹಾಕಿದ ಬರಹಗಳು ಮುಖ್ಯವಾಗಿದ್ದರೆ ಅವುಗಳ ಲಿಂಕನ್ನು ಬೇರೆ ಕಡೆ ಉಳಿಸಿಕೊಳ್ಳುವ ಅಭ್ಯಾಸ ಒಳ್ಳೆಯದು.

ಒಂದು ಎಚ್ಚರಿಕೆ. ದುಡ್ಡು ಕೊಟ್ಟು ಕೇಳುವ ಪಾಡ್‌ಕಾಸ್ಟ್ ಅಥವಾ ಸದಸ್ಯರಿಗೆ ಮಾತ್ರ ಇರುವ ಬ್ಲಾಗಿನ ಫೀಡ್ ವಿಳಾಸದಲ್ಲಿ ನಿಮ್ಮ ಗುಟ್ಟಿನ ಕೀಲಿಯೂ ಇರುತ್ತದೆ. ಸ್ನೇಹಿತರು ನಿಮ್ಮ ಪಟ್ಟಿ ಕೇಳಿದರೆ ಅಂಥ ಸಾಲುಗಳನ್ನು ಅಳಿಸಿ ಕೊಡಿ.

ಹಂತ 5: ಒಂದೊಂದನ್ನೂ ಒಂದೊಂದು ವಾರ ಬಳಸಿ

ಮೂರನ್ನೂ ಒಂದೇ ದಿನ ತೆರೆದು ಹೋಲಿಸಿದರೆ ಬಣ್ಣ, ಬಟನ್ನು ಮಾತ್ರ ಕಣ್ಣಿಗೆ ಬೀಳುತ್ತವೆ. ರೀಡರ್‌ನ ನಿಜವಾದ ಗುಣ ತಿಳಿಯುವುದು ನಾಲ್ಕೈದು ದಿನ ಓದಿದ ಮೇಲೆ. ವಾರಕ್ಕೊಂದೇ ರೀಡರ್ ಇಟ್ಟುಕೊಳ್ಳಿ. ನೀವು ಸಾಮಾನ್ಯವಾಗಿ ಓದುವ ಹೊತ್ತಿನಲ್ಲೇ, ಓದುವ ಸಾಧನದಲ್ಲೇ ಬಳಸಿ.

ಏನು ನೋಡಬೇಕು? ಮೊದಲು ಪಟ್ಟಿಯ ನೋಟ. ಕೆಲವು ರೀಡರ್‌ಗಳು ಬರೀ ತಲೆಬರಹ ತೋರಿಸುತ್ತವೆ, ಕೆಲವು ಚಿತ್ರದ ಜೊತೆ ಕಾರ್ಡ್ ಥರ, ಇನ್ನು ಕೆಲವು ಬರಹಗಳನ್ನು ಒಂದರ ಕೆಳಗೊಂದು ಪೂರ್ತಿ ಹರಡುತ್ತವೆ. ಸುದ್ದಿಗೆ ತಲೆಬರಹದ ನೋಟ ಸರಿ. ಬ್ಲಾಗುಗಳಿಗೆ ಪೂರ್ತಿ ನೋಟವೇ ಹಿತ. ಫೋಲ್ಡರಿಗೊಂದು ನೋಟ ಇಡಲು ಬಿಡುತ್ತದೆಯೇ ಎಂದು ನೋಡಿ, ಬಿಟ್ಟರೆ ಅದು ದೊಡ್ಡ ಅನುಕೂಲ.

ಆಮೇಲೆ ಕನ್ನಡ. ಆ ಉದ್ದದ ಬ್ಲಾಗ್ ಬರಹವನ್ನು ಈಗ ತೆರೆಯಿರಿ. ಇಂಗ್ಲಿಷ್ ಅಕ್ಷರಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಸಾಲುಗಳ ನಡುವಿನ ಜಾಗ ನಿಗದಿ ಮಾಡಿರುವ ರೀಡರ್‌ಗಳಲ್ಲಿ ‘ರಾಷ್ಟ್ರ’, ‘ಸ್ತ್ರೀ’ ಅಂಥ ಪದಗಳ ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತದೆ, ಕೆಲವೊಮ್ಮೆ ತಲೆಬರಹದಲ್ಲಿ ಅರ್ಧ ಕತ್ತರಿಸಿಯೂ ಹೋಗುತ್ತದೆ. ಅಕ್ಷರದ ಗಾತ್ರ, ಸಾಲಿನ ಅಂತರ ಬದಲಿಸುವ ಸೆಟ್ಟಿಂಗ್ ಇದೆಯೇ ಹುಡುಕಿ. ಅಂತರ ಅಕ್ಷರದ ಗಾತ್ರದ ಒಂದೂವರೆಯಷ್ಟಕ್ಕಿಂತ ಸ್ವಲ್ಪ ಹೆಚ್ಚಿದ್ದರೆ ಕನ್ನಡ ಓದಲು ಆರಾಮ. ಈ ಸೆಟ್ಟಿಂಗ್ ಇಲ್ಲದ ರೀಡರ್ ಎಷ್ಟೇ ಸೊಗಸಾಗಿದ್ದರೂ ನಾನು ಕೈಬಿಡುತ್ತೇನೆ. ಕಣ್ಣಿಗೆ ಆಯಾಸವಾದರೆ ಓದುವ ಆಸೆಯೇ ಹೋಗುತ್ತದೆ.

ಮೂರನೆಯದು ಪೂರ್ತಿ ಬರಹ ಸಿಗುತ್ತದೆಯೇ ಎಂಬುದು. ಕೆಲವು ಸೈಟುಗಳು ಫೀಡ್‌ನಲ್ಲಿ ಮೊದಲ ಎರಡು ಸಾಲು ಮಾತ್ರ ಕೊಡುತ್ತವೆ. ಅದು ರೀಡರ್‌ನ ತಪ್ಪಲ್ಲ. ಆದರೆ ಒಳ್ಳೆಯ ರೀಡರ್ ಮೂಲ ಪುಟಕ್ಕೆ ಹೋಗಿ ಪೂರ್ತಿ ಬರಹ ತಂದು ತೋರಿಸಬಲ್ಲದು. ಫೀಡರ್, ನೆಟ್‌ನ್ಯೂಸ್‌ವೈರ್, ನ್ಯೂಸ್‌ಬ್ಲರ್, ಮಿನಿಫ್ಲಕ್ಸ್ ಇವುಗಳಲ್ಲೆಲ್ಲ ಈ ಸೌಲಭ್ಯ ಇದೆ. ಹಾಗೆಂದು ಯಾವಾಗಲೂ ರೀಡರ್‌ನಲ್ಲೇ ಓದಿ ಮುಗಿಸಬೇಡಿ. ನೀವು ರೀಡರ್‌ನಲ್ಲಿ ಓದಿದ್ದು ಬರೆದವರಿಗೆ ಗೊತ್ತಾಗುವುದೇ ಇಲ್ಲ. ಇಷ್ಟವಾದ ಬರಹವನ್ನು ಸೈಟಿನಲ್ಲಿ ತೆರೆದು ಒಂದು ಮಾತು ಬರೆದರೆ ಅವರಿಗೆ ಮುಂದಿನದು ಬರೆಯುವ ಹುರುಪು ಬರುತ್ತದೆ.

ಇನ್ನು ಕೆಲವು ಸಣ್ಣ ಪರೀಕ್ಷೆಗಳನ್ನು ಬೇಗ ಮುಗಿಸಬಹುದು. ಫೋನಿನಲ್ಲಿ ಒಂದು ಬರಹ ಓದಿ, ಕಂಪ್ಯೂಟರಿನಲ್ಲೂ ಅದು ಓದಿದ್ದಾಗಿ ಕಾಣುತ್ತದೆಯೇ ನೋಡಿ. ಫೋನಿನ ನೆಟ್ ಆಫ್ ಮಾಡಿ ನಾಲ್ಕು ಬರಹ ತೆರೆಯಿರಿ. ಹಿಂದಿನ ವಾರ ಓದಿದ್ದರಲ್ಲಿ ನೆನಪಿರುವ ಒಂದು ಪದ ಹಾಕಿ ಹುಡುಕಿ. ಕೀಬೋರ್ಡ್ ಬಳಸುವವರಾದರೆ ‘ಜೆ’ ಒತ್ತಿದರೆ ಮುಂದಿನ ಬರಹ, ‘ಕೆ’ ಒತ್ತಿದರೆ ಹಿಂದಿನದು ಬರುತ್ತದೆಯೇ ನೋಡಿ. ಬಹಳ ರೀಡರ್‌ಗಳಲ್ಲಿ ಹೀಗೇ ಇದೆ, ಅಭ್ಯಾಸವಾದರೆ ಮೌಸ್ ಮುಟ್ಟುವುದೇ ಬೇಡ.

ಹೊಸ ಬರಹ ತಡವಾಗಿ ಬಂತು ಅನಿಸಿದರೆ ರೀಡರ್ ಕೆಟ್ಟಿದೆ ಎಂದುಕೊಳ್ಳಬೇಡಿ. ಉಚಿತ ಖಾತೆಗಳಲ್ಲಿ ಕಡಿಮೆ ಓದುಗರಿರುವ ಫೀಡ್‌ಗಳನ್ನು ಕೆಲವು ಗಂಟೆಗೊಮ್ಮೆ ಮಾತ್ರ ನೋಡುವುದುಂಟು. ಬ್ಲಾಗ್ ಬರಹ ಮೂರು ಗಂಟೆ ತಡವಾದರೆ ಏನೂ ನಷ್ಟವಿಲ್ಲ. ಸಾಧನದ ಆ್ಯಪ್‌ನಲ್ಲಿ ಎಷ್ಟು ಹೊತ್ತಿಗೊಮ್ಮೆ ನೋಡಬೇಕು ಎಂದು ನೀವೇ ಹೇಳಬಹುದು. ಗಂಟೆಗೊಮ್ಮೆ ಸಾಕು. ಐದು ನಿಮಿಷಕ್ಕೊಮ್ಮೆ ಇಟ್ಟರೆ ಬ್ಯಾಟರಿಯೂ ಖಾಲಿ, ಸಣ್ಣ ಬ್ಲಾಗುಗಳ ಸರ್ವರಿಗೂ ಸುಮ್ನೆ ಹೊರೆ.

ಹಂತ 6: ಓದದ ಲೆಕ್ಕವನ್ನು ಹದ್ದುಬಸ್ತಿನಲ್ಲಿಡಿ

ಎಷ್ಟೋ ಜನ ಫೀಡ್ ರೀಡರ್ ಬಿಡುವುದು ಈ ಲೆಕ್ಕದಿಂದಲೇ. ನಾಲ್ಕು ದಿನ ತೆರೆಯದಿದ್ದರೆ ‘ಓದದವು 312’ ಎಂದು ತೋರಿಸುತ್ತದೆ. ನೋಡಿದ ಕೂಡಲೇ ಏನೋ ಬಾಕಿ ಉಳಿಸಿಕೊಂಡ ಹಾಗೆ ಅನಿಸುತ್ತದೆ. ಅದು ಬಾಕಿ ಅಲ್ಲ. ಪರೀಕ್ಷೆಯ ಮೊದಲ ದಿನವೇ ಆ್ಯಪ್ ಚಿಹ್ನೆಯ ಮೇಲೆ ಬರುವ ಸಂಖ್ಯೆ ಮತ್ತು ನೋಟಿಫಿಕೇಶನ್ ಎರಡನ್ನೂ ಆಫ್ ಮಾಡಿ.

ನಂತರ ಫೋಲ್ಡರ್ ಮಾಡಿ. ತಂತ್ರಜ್ಞಾನ, ಸಾಹಿತ್ಯ, ಅಡುಗೆ ಎಂದು ವಿಷಯದ ಮೇಲೆ ಹಂಚುವುದಕ್ಕಿಂತ ನೀವು ಹೇಗೆ ಓದುತ್ತೀರಿ ಅನ್ನುವುದರ ಮೇಲೆ ಹಂಚಿ. ‘ತಪ್ಪದೇ ಓದುವುದು’, ‘ಬಿಡುವಿದ್ದಾಗ’, ‘ತಲೆಬರಹ ಮಾತ್ರ’ ಎಂಬ ಮೂರೇ ಫೋಲ್ಡರ್ ಸಾಕು. ಅಪರೂಪದ ಬ್ಲಾಗುಗಳೆಲ್ಲ ಮೊದಲನೆಯದಕ್ಕೆ ಹೋಗಲಿ. ಆ ದೊಡ್ಡ ಸುದ್ದಿ ಸೈಟು ಕೊನೆಯದಕ್ಕೆ. ಎಲ್ಲ ಫೀಡ್‌ಗಳನ್ನೂ ಒಂದೇ ಸಾಲಿನಲ್ಲಿ ಇಟ್ಟರೆ ತಿಂಗಳಿಗೊಂದು ಬರುವ ಬರಹ ಐವತ್ತು ಸುದ್ದಿಗಳ ಅಡಿಯಲ್ಲಿ ಹೂತುಹೋಗುತ್ತದೆ. ಹಾಗಾದರೆ ರೀಡರ್ ಇಟ್ಟುಕೊಂಡ ಉದ್ದೇಶವೇ ಕೆಟ್ಟಿತು.

‘ಎಲ್ಲವನ್ನೂ ಓದಿದ್ದೆಂದು ಗುರುತು ಮಾಡು’ ಎಂಬ ಬಟನ್ ಎಲ್ಲಿದೆ ನೋಡಿಟ್ಟುಕೊಳ್ಳಿ. ಒಂದು ವಾರಕ್ಕಿಂತ ಹಳೆಯದನ್ನು ಮಾತ್ರ ಹಾಗೆ ಮಾಡುವ ಆಯ್ಕೆ ಇದ್ದರೆ ಇನ್ನೂ ಒಳ್ಳೆಯದು. ಸ್ಕ್ರೋಲ್ ಮಾಡುತ್ತಿದ್ದಂತೆ ತಾನೇ ಓದಿದ್ದೆಂದು ಗುರುತು ಹಾಕುವ ಸೆಟ್ಟಿಂಗ್ ಸುದ್ದಿಗೆ ಸರಿ. ಬ್ಲಾಗುಗಳ ಫೋಲ್ಡರಿಗೆ ಅದು ಬೇಡ, ಬೆರಳು ಜಾರಿದರೆ ಬರಹ ಮಾಯ.

ಒಂದೇ ವಿಷಯದ ಸುದ್ದಿ ಪದೇ ಪದೇ ಬಂದು ಬೇಸರವಾದರೆ ಆ ಪದ ಇರುವ ಬರಹಗಳನ್ನು ಮರೆಮಾಡುವ ಫಿಲ್ಟರ್ ಬೇಕಾಗುತ್ತದೆ. ಜಾಲಸೇವೆಗಳಲ್ಲಿ ಇದಕ್ಕೆ ಹೆಚ್ಚಾಗಿ ದುಡ್ಡು ಕೇಳುತ್ತಾರೆ. ಫೀಡ್‌ಬ್ರೋದಲ್ಲಿ ಉಚಿತವಾಗಿಯೇ ಇದೆ.

ಹಂತ 7: ಒಂದನ್ನು ಉಳಿಸಿಕೊಳ್ಳಿ

ಮೂರನೆಯ ವಾರದ ಕೊನೆಗೆ ನಿಮಗೇ ಗೊತ್ತಾಗಿರುತ್ತದೆ. ಸೌಲಭ್ಯಗಳ ಪಟ್ಟಿ ಹಿಡಿದು ಅಂಕ ಹಾಕಬೇಡಿ. ಯಾವುದರಲ್ಲಿ ನೀವು ನಿಜವಾಗಿ ಪೂರ್ತಿ ಬರಹಗಳನ್ನು ಓದಿ ಮುಗಿಸಿದಿರಿ ಎಂದು ನೆನಪಿಸಿಕೊಳ್ಳಿ, ಅದೇ ನಿಮ್ಮ ರೀಡರ್. ದುಡ್ಡು ಕೊಡುವ ಖಾತೆಗೆ ಈಗಲೇ ಹೋಗಬೇಡಿ. ಉಚಿತದ ಮಿತಿ ನಿಮ್ಮ ಓದಿಗೆ ಅಡ್ಡ ಬಂದ ದಿನ ಕೊಟ್ಟರೆ ಸಾಕು. ಆ ದಿನ ಬಂದರೆ ಸಂತೋಷದಿಂದಲೇ ಕೊಡಿ. ಚಂದಾದಾರರ ದುಡ್ಡಿನಿಂದ ನಡೆಯುವ ಸೇವೆಗೆ ನಿಮ್ಮ ಓದಿನ ಮೇಲೆ ಜಾಹೀರಾತು ತುರುಕುವ ಅಗತ್ಯ ಕಡಿಮೆ.

ಆಯ್ಕೆಯಾದ ಮೇಲೆ ಹೊಸ ಫೀಡ್‌ಗಳನ್ನು ನಿಧಾನವಾಗಿ ಸೇರಿಸಿ. ನೀವು ಮೆಚ್ಚುವ ಬ್ಲಾಗಿಗರು ತಮ್ಮ ಪುಟದ ಬದಿಯಲ್ಲಿ ಯಾರ ಬ್ಲಾಗುಗಳಿಗೆ ಲಿಂಕ್ ಕೊಟ್ಟಿದ್ದಾರೆ ನೋಡಿ, ಒಳ್ಳೆಯ ಓದು ಸಿಗುವ ಜಾಗ ಅದು. ಹೊಸದೊಂದನ್ನು ತಿಂಗಳುಗಟ್ಟಲೆ ತೆರೆಯಲೇ ಇಲ್ಲ ಎಂದಾದರೆ ತೆಗೆದುಬಿಡಿ. ಆದರೆ ಬರಹವೇ ಬಾರದೆ ಸುಮ್ಮನಿರುವ ಬ್ಲಾಗನ್ನು ತೆಗೆಯಬೇಡಿ. ಅದು ನಿಮ್ಮ ಪಟ್ಟಿಯಲ್ಲಿ ಇರುವುದರಿಂದ ಯಾವ ಖರ್ಚೂ ಇಲ್ಲ. ಎರಡು ವರ್ಷದ ಮೇಲೆ ಅವರು ಮತ್ತೆ ಬರೆದರೆ ಆ ದಿನವೇ ನಿಮಗೆ ತಲುಪುತ್ತದೆ.

ರೀಡರ್ ಯಾವುದಾದರೂ ಫೀಡ್ ಪಕ್ಕ ಕೆಂಪು ಗುರುತು ತೋರಿಸಿದರೆ ವಿಳಾಸ ಬದಲಾಗಿರಬಹುದು. ಆ ಬ್ಲಾಗಿನ ಮುಖಪುಟಕ್ಕೆ ಹೋಗಿ, ಸೈಟು ಇದ್ದರೆ ಹಳೆಯ ಫೀಡ್ ತೆಗೆದು ಮುಖಪುಟದ ವಿಳಾಸವನ್ನೇ ಮತ್ತೆ ಸೇರಿಸಿ. ಹೆಚ್ಚಿನ ಸಲ ಅಷ್ಟಕ್ಕೇ ಸರಿಹೋಗುತ್ತದೆ.

ಆರು ತಿಂಗಳಿಗೊಮ್ಮೆ ಓಪಿಎಂಎಲ್ ಫೈಲ್ ಇಳಿಸಿಕೊಂಡು, ಹೆಸರಿನಲ್ಲಿ ದಿನಾಂಕ ಸೇರಿಸಿ, ನಿಮ್ಮ ಇತರ ಮುಖ್ಯ ಫೈಲುಗಳ ಜೊತೆ ಇಡಿ. ಪರೀಕ್ಷೆಗೆಂದು ತೆರೆದು ಬಿಟ್ಟ ಎರಡು ಖಾತೆಗಳಿವೆಯಲ್ಲ, ಅವುಗಳಲ್ಲಿ ನಕ್ಷತ್ರ ಹಾಕಿದ್ದು ಏನಾದರೂ ಉಳಿದಿದೆಯೇ ನೋಡಿಕೊಂಡು ಖಾತೆಗಳನ್ನೇ ಅಳಿಸಿಬಿಡಿ. ಬರೀ ಆ್ಯಪ್ ತೆಗೆದರೆ ಸಾಲದು. ನಿಮ್ಮ ಇಮೇಲ್ ಮತ್ತು ಓದಿನ ಪಟ್ಟಿ ಅಲ್ಲಿನ ಸರ್ವರಿನಲ್ಲಿ ಉಳಿದೇ ಇರುತ್ತವೆ. ಖಾತೆ ಅಳಿಸುವ ಬಟನ್ ಸಾಮಾನ್ಯವಾಗಿ ಸೆಟ್ಟಿಂಗ್ಸ್‌ನ ಕೊನೆಯಲ್ಲಿ ಇರುತ್ತದೆ.